ಬ್ಯಾಂಕಿನವ್ರು ಮನಿ ಜಪ್ತಿಗೆ ಬಂದ್ರ: ಕಲಬುರಗಿಯಾಗ ಕುಂತು ಹ್ಯಾಂಗ ಎದುರಿಸೋದು

ಪೋಸ್ಟ್‌ಮ್ಯಾನ್ ರಿಜಿಸ್ಟರ್ ಪತ್ರ ತಗೊಂಡು ಬಾಗಿಲಿಗೆ ಬಂದಾಗ ನಾ ಒಳಗ ಕುಂತು ಹೆಂಡ್ತಿಗೆ "ಊರಾಗಿಲ್ಲ ಅಂತ ಹೇಳಿ ಕಳ್ಸು" ಅಂದೆ ನೋಡ್ರಿ, ಅದೇ ನಾ ಮಾಡಿದ ಮೊದಲ ತಪ್ಪು. ಪತ್ರ ತಗೊಳ್ಲಿಲ್ಲಂದ್ರ ನೋಟಿಸ್ ಮುಟ್ಟಿಲ್ಲ ಅಂತ ಲೆಕ್ಕ, ಕೇಸ್ ಮುಂದಕ್ಕ ಹೋಗಂಗಿಲ್ಲ ಅಂತ ನಮ್ ಓಣ್ಯಾಗ ಒಬ್ಬರು ಹೇಳಿದ್ರು, ನಾನೂ ನಂಬಿದೆ. ಮುಂದ ಏನಾಯ್ತು? ಅದೇ ನೋಟಿಸ್ ತಂದು ಗೇಟಿಗೆ ಅಂಟಿಸಿ ಫೋಟೋ ಹೊಡ್ಕೊಂಡು ಹೋದ್ರು, ಎರಡು ಪೇಪರ್‌ನ್ಯಾಗೂ ಹಾಕಿಸಿದ್ರು, ಸೇಡಂ ರಸ್ತಿ ಮ್ಯಾಲ ಚಾ ಕುಡಿಯೋರೆಲ್ಲ ಓದಿದ್ರು, ನಾ ಒಬ್ಬನೇ ಓದಿರಲಿಲ್ಲ. ಕಾನೂನಿನ ಪ್ರಕಾರ ಅದು ಪೂರಾ ಸರಿ. ನೀವು ತಪ್ಪಿಸ್ಕೊಂಡ್ರ ಹಂಗ ಅಂಟಿಸಿ ಪೇಪರ್‌ಗೆ ಹಾಕಬಹುದು ಅಂತ ರೂಲ್ಸ್‌ನ್ಯಾಗೇ ಬರ್ದದ.

ಅದಕ್ಕ ಪತ್ರ ತಗೋರಿ, ಕವರ್ ಒಗಿಬ್ಯಾಡ್ರಿ, ಕವರ್ ಮ್ಯಾಲ ಬಂದ ತಾರೀಖು ಬರೀರಿ. ಈ ಜಗಳದಾಗ ಎಲ್ಲಾ ತಾರೀಖಿನ ಮ್ಯಾಲೇ ನಿಂತದ, ಸಾಲ ಎಷ್ಟು ಅನ್ನೋದು ಆಮ್ಯಾಲಿನ ಮಾತು. ನಾ ವಕೀಲ ಅಲ್ಲ, ಹಾರ್ಡ್‌ವೇರ್ ಅಂಗಡಿಯವ, ಖರೆ ಈ ದಾರಿಯಾಗ ಅಡ್ಡಾಡಿ ಚಪ್ಪಲಿ ಸವೆಸಿದವ, ಆದ್ರಿಂದ ಎಲ್ಲೆಲ್ಲಿ ಕಾಲು ಜಾರ್ತದ ಅನ್ನೋದು ಗೊತ್ತದ.

ಮೊದಲ ಕೆಲಸ: ನೋಟಿಸ್ ಯಾರದು, ಯಾವ ಕಾಯ್ದಿದು ನೋಡ್ರಿ

ಮನಿ ಅಡ ಇಟ್ಟು ತಗೊಂಡ ಸಾಲದಾಗ ಹೆಚ್ಚು ಕಡಿಮಿ ಎಲ್ಲಾ ನೋಟಿಸೂ 2002ರ ಸರ್ಫೇಸಿ ಕಾಯ್ದಿ ಕೆಳಗ ಬರ್ತಾವ. ಈ ಕಾಯ್ದಿ ವಿಶೇಷ ಏನಂದ್ರ ಬ್ಯಾಂಕಿಗೆ ಕೋರ್ಟಿನ ಮೆಟ್ಟಿಲು ಹತ್ತೋ ಜರೂರತ್ತೇ ಇಲ್ಲ, ತಾನೇ ನೋಟಿಸ್ ಕೊಡ್ತದ, ತಾನೇ ಕಬ್ಜಾ ತಗೋತದ, ತಾನೇ ಲಿಲಾವು ಮಾಡ್ತದ. ಕೋರ್ಟಿಗೆ ಹೋಗಬೇಕಾದವ್ರು ನಾವು. ಉಲ್ಟಾ ಅನಸ್ತದ, ಆದ್ರ ಹಿಂಗೇ ಅದ, ಇದನ್ನ ಮೊದಲು ಮನಸಿಗೆ ತಗೋರಿ, "ಕೋರ್ಟಿಂದ ಕಾಗದ ಬಂದಾಗ ನೋಡೋಣ" ಅಂತ ಕುಂತ್ರ ಕೋರ್ಟಿಂದ ಕಾಗದ ಬರಂಗೇ ಇಲ್ಲ.

ಸರಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿ, ಇವಕ್ಕೆಲ್ಲ ಈ ಅಧಿಕಾರ ಅದ. ಸಹಕಾರಿ ಬ್ಯಾಂಕುಗಳಿಗೂ ಅದ ಅಂತ 2020ರಾಗ ಸುಪ್ರೀಂ ಕೋರ್ಟು ಹೇಳಿಬಿಟ್ಟದ. ಉಳಿದ ಫೈನಾನ್ಸ್ ಕಂಪನಿ, ಅಂದ್ರ ಎನ್‌ಬಿಎಫ್‌ಸಿ ಅಂತೀವಲ್ಲ, ಅವು 100 ಕೋಟಿ ಆಸ್ತಿ ಮ್ಯಾಲಿನವು ಇರಬೇಕು, ಸಾಲ 20 ಲಕ್ಷ ಅಥವಾ ಅದರ ಮ್ಯಾಲಿರಬೇಕು, ಅವಾಗಷ್ಟೇ ಈ ಕಾಯ್ದಿ ಬಳಸಬಹುದು. ಹಂಗಾಗಿ 8 ಲಕ್ಷ ಕೊಟ್ಟ ಎನ್‌ಬಿಎಫ್‌ಸಿಯವ್ರು ಬಂದು "ಸರ್ಫೇಸಿ ಹಾಕ್ತೀವಿ" ಅಂತ ಹೆದರಿಸಿದ್ರ ಅಲ್ಲೇ ಹಿಡೀರಿ. ಸೌಹಾರ್ದ, ಪತ್ತಿನ ಸಂಘ ಇವು ಬ್ಯಾಂಕ್ ಅಲ್ಲ, ಅವರದ್ದು ಸಹಕಾರ ಕಾಯ್ದಿ ದಾರಿ ಬ್ಯಾರೆ, ಈ ಲೇಖನ ಅದಕ್ಕ ಉಪಯೋಗ ಇಲ್ಲ.

ಆಮ್ಯಾಲ: ನೋಟಿಸ್ ಒಂದೊಂದು ಸಾಲು ಓದ್ರಿ

ಮೊದಲ ನೋಟಿಸ್ ಕಲಂ 13(2)ದು. ಮೂರು ತಿಂಗಳು, ಅಂದ್ರ 90 ದಿನಕ್ಕ ಹೆಚ್ಚು ಕಿಸ್ತು ಬಾಕಿ ಉಳಿದ್ರ ನಿಮ್ಮ ಖಾತಿ ಎನ್‌ಪಿಎ, ಅಂದ್ರ ವಸೂಲಾಗದ ಸಾಲದ ಖಾತಿ, ಆಗ್ತದ, ಆಮ್ಯಾಲ ಇದು ಬರ್ತದ, 60 ದಿನದಾಗ ಪೂರಾ ಸಾಲ ಕಟ್ರಿ ಅಂತ. ಗಮನಿಸ್ರಿ, ಬಾಕಿ ಕಿಸ್ತು ಅಲ್ಲ, ಪೂರಾ ಸಾಲ.

ಏನೇನು ನೋಡಬೇಕು ಅಂದ್ರ, ಎನ್‌ಪಿಎ ಆದ ತಾರೀಖು ಯಾವುದು ಹಾಕ್ಯಾರ, ಅದರ ಹಿಂದಿನ 90 ದಿನದಾಗ ನೀವು ಏನರೆ ತುಂಬೀರಿ ಏನು ಅಂತ ಪಾಸ್‌ಬುಕ್ ಜೊತಿ ಹೊಂದಿಸಿ ನೋಡ್ರಿ. ಬರಬೇಕಾದ ರೊಕ್ಕದ ವಿವರ, ಅಡ ಇಟ್ಟ ಆಸ್ತಿ ವಿವರ ಎರಡೂ ಇರಬೇಕು. ನಮ್ ಕಡಿ ಪ್ಲಾಟ್ ನಂಬರು, ಸರ್ವೆ ನಂಬರು, ಚೆಕ್‌ಬಂದಿ ತಪ್ಪು ಬರೋದು ಸಾಮಾನ್ಯ, ಒಂದೇ ಸರ್ವೆ ನಂಬರಿನಾಗ ಮೂವತ್ತು ಪ್ಲಾಟ್ ಇರ್ತಾವ. ಸಹಿ ಮಾಡಿದವ್ರು ಅಧಿಕೃತ ಅಧಿಕಾರಿ ಇರಬೇಕು, ಅಂದ್ರ ಸರಕಾರಿ ಬ್ಯಾಂಕಿನ ಚೀಫ್ ಮ್ಯಾನೇಜರ್ ದರ್ಜೆಗಿಂತ ಕೆಳಗಿನವ್ರು ಆಗಂಗಿಲ್ಲ. ಸಾಲದಾಗ ಹೆಂಡ್ತಿ, ಅಣ್ಣ, ಜಾಮೀನುದಾರ ಯಾರ್ಯಾರು ಸಹಿ ಮಾಡ್ಯಾರೋ ಅವರಿಗೆಲ್ಲ ನೋಟಿಸ್ ಹೋಗ್ಯದೇನು ಕೇಳ್ರಿ. ಇನ್ನೊಂದು, ಅಡ ಇಟ್ಟ ಆಸ್ತಿ ಸೆರ್ಸಾಯ್ ಅನ್ನೋ ಕೇಂದ್ರ ರಿಜಿಸ್ಟ್ರಿಯಾಗ ನೋಂದಣಿ ಆಗಿರಬೇಕು, ಆಗದಿದ್ರ ಬ್ಯಾಂಕಿಗೆ ಈ ಕಾಯ್ದಿ ಅಧಿಕಾರ ಚಲಾಯ್ಸಲಿಕ್ಕ ಬರಂಗಿಲ್ಲ, ಇದು 2020ರ ಜನವರಿಯಿಂದ ಜಾರಿಯಾಗ ಅದ. ಆನ್‌ಲೈನ್ ಹುಡುಕಿದ್ರ ಸಣ್ಣ ಫೀಸಿನಾಗ ಗೊತ್ತಾಗ್ತದ.

ಇವೆಲ್ಲದಕ್ಕಿಂತ ಗಟ್ಟಿ ಪಾಯಿಂಟ್ ಎರಡು ಅವ, ಎರಡೂ ಕಲಂ 31ರಾಗ. ಒಂದು, ಉಳಿದ ಸಾಲ ಅಸಲು ಬಡ್ಡಿ ಸೇರಿದ ಮೊತ್ತದ ನೂರಕ್ಕ 20ಕ್ಕಿಂತ ಕಡಿಮಿ ಇದ್ರ ಸರ್ಫೇಸಿ ನಡೆಯಂಗಿಲ್ಲ. ಹದಿನೈದು ವರ್ಷ ಕಿಸ್ತು ಕಟ್ಟಿ ಕೊನಿಗೆ ಎಡವಿದವ್ರು ಭಾಳ ಮಂದಿ ಇರ್ತಾರ, ಅವರಿಗೆ ಇದು ದೊಡ್ಡ ಆಸರ. ಇನ್ನೊಂದು, ಕೃಷಿ ಜಮೀನಿನ ಮ್ಯಾಲ ಈ ಕಾಯ್ದಿ ಹತ್ತಂಗಿಲ್ಲ. ಇದನ್ನ ಕೇಳಿದ ಕೂಡ್ಲೆ ರಿಂಗ್ ರೋಡ್ ಆಚಿ ಎನ್‌ಎ ಆಗದ, ಅಂದ್ರ ಕೃಷಿಯೇತರ ಅಂತ ಬದಲಾಗದ, ಪ್ಲಾಟ್‌ನ್ಯಾಗ ಮನಿ ಕಟ್ಟಿದವ್ರೆಲ್ಲ ಖುಷಿ ಪಡ್ತಾರ, ಪಹಣಿಯಾಗ ಇನ್ನೂ ತೊಗರಿ ಅಂತೇ ಬರ್ತದ ಅಂತ. ಅಷ್ಟು ಸಲೀಸಿಲ್ರಿ. ಕಾಗದದಾಗ ಕೃಷಿ ಅಂತ ಇದ್ರ ಸಾಲಂಗಿಲ್ಲ, ಖರೇನೇ ಅಲ್ಲಿ ಒಕ್ಕಲುತನ ನಡದದ ಅಂತ ಸಾಲಗಾರನೇ ಸಾಬೀತು ಮಾಡಬೇಕು ಅಂತ 2023ರಾಗ ಸುಪ್ರೀಂ ಕೋರ್ಟು ಹೇಳ್ಯದ. ಮೂರು ಅಂತಸ್ತಿನ ಮನಿ ತೋರ್ಸಿ ಹೊಲ ಅಂದ್ರ ಯಾರು ನಂಬ್ತಾರ.

60 ದಿನದಾಗ ಮಾಡೋ ಕೆಲಸ, ಇಲ್ಲೇ ಅರ್ಧ ಜಗಳ ಗೆಲ್ಲೋದು

ತಾರೀಖು ಎಣಿಸ್ರಿ. ನೋಟಿಸ್ ಮಾರ್ಚ್ 3ಕ್ಕ ಕೈಗೆ ಬಂತಂದ್ರ ಮೇ 2ಕ್ಕ 60 ದಿನ ಮುಗೀತದ. ಕ್ಯಾಲೆಂಡರ್ ಮ್ಯಾಲ ಕೆಂಪು ಪೆನ್ನಿಲೆ ಗುರುತು ಹಾಕ್ರಿ, ಮೊಬೈಲ್ ರಿಮೈಂಡರ್ ಸಾಲಂಗಿಲ್ಲ, ಮನಿ ಮಂದಿಗೆಲ್ಲ ಕಾಣಬೇಕು.

ಈ ಅವಧಿಯಾಗ ಬ್ಯಾಂಕಿಗೆ ಒಂದು ಆಕ್ಷೇಪಣೆ ಪತ್ರ ಬರೀರಿ, ಕಲಂ 13(3ಎ) ಪ್ರಕಾರ. ಬ್ಯಾಂಕು ಅದನ್ನ ಓದಿ, ಒಪ್ಪದಿದ್ರ ಕಾರಣ ಕೊಟ್ಟು 15 ದಿನದಾಗ ಉತ್ತರ ಕೊಡಲೇಬೇಕು. ಖರೆ ಹೇಳಬೇಕಂದ್ರ ಆ ಉತ್ತರ ಬಂದ ಮ್ಯಾಲ ಅದರ ವಿರುದ್ಧ ಅಷ್ಟಕ್ಕೇ ಕೇಸ್ ಹಾಕ್ಲಿಕ್ಕ ಬರಂಗಿಲ್ಲ, ಅದಕ್ಕ ಕೆಲವು ವಕೀಲರು "ಸುಮ್ನ ಟೈಮ್ ವೇಸ್ಟ್" ಅಂತಾರ. ನಾ ಒಪ್ಪಂಗಿಲ್ಲ. ಮುಂದ ಸಾಲ ವಸೂಲಾತಿ ಟ್ರಿಬ್ಯುನಲ್‌ನ್ಯಾಗ ನಿಂತಾಗ ಮೊದಲ ಪ್ರಶ್ನೆ ಇದೇ ಬರ್ತದ, ಅವಾಗ್ಲೇ ಯಾಕ ಹೇಳಲಿಲ್ಲ ಅಂತ. ಪತ್ರ ಹಾಕಿದ್ರ, ಬ್ಯಾಂಕು ಉತ್ತರ ಕೊಡದೇ ಮುಂದ ಹೋಗಿದ್ರ, ಅದೇ ನಿಮ್ಮ ಕೈಯಾಗಿನ ಬಡಿಗಿ.

ಪತ್ರದಾಗ ಅಳೋದು ಬ್ಯಾಡ. "ಮಗಳ ಮದಿವಿ ಇತ್ತು, ಮಳಿ ಬರಲಿಲ್ಲ, ತೊಗರಿ ರೇಟ್ ಬಿತ್ತು" ಅಂತ ಎರಡು ಪುಟ ಬರೆದ್ರ ಅದಕ್ಕ ಉತ್ತರ "ವಿಷಾದಿಸುತ್ತೇವೆ" ಅಂತ ಒಂದು ಸಾಲು ಬರ್ತದ. ಲೆಕ್ಕ ಕೇಳ್ರಿ. ಸಾಲ ಸುರುವಾದ ದಿನದಿಂದ ಪೂರಾ ಸ್ಟೇಟ್‌ಮೆಂಟ್ ಕೇಳ್ರಿ, ಬಡ್ಡಿ ದರ ಯಾವಾಗ ಎಷ್ಟು ಬದಲಾಯ್ಸ್ಯಾರ ಕೇಳ್ರಿ, ದಂಡ ಎಷ್ಟು ಹಾಕ್ಯಾರ ಕೇಳ್ರಿ. ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ಕ್ಕ ಒಂದು ಸುತ್ತೋಲೆ ಹೊರಡಿಸ್ಯದ, ಅದರ ಪ್ರಕಾರ ಕಿಸ್ತು ತಪ್ಪಿದ್ದಕ್ಕ ದಂಡ ಹಾಕಬಹುದು ಆದ್ರ ಅದನ್ನ ಬಡ್ಡಿ ರೂಪದಾಗ ಹಾಕಂಗಿಲ್ಲ, ಆ ದಂಡವನ್ನ ಸಾಲಕ್ಕ ಸೇರ್ಸಿ ಅದರ ಮ್ಯಾಲ ಮತ್ತ ಬಡ್ಡಿ ಎಣಸಂಗಿಲ್ಲ. ನನ್ನ ಸ್ಟೇಟ್‌ಮೆಂಟ್‌ನ್ಯಾಗ ನಾ ಕೇಳದ ಒಂದು ಇನ್ಶೂರೆನ್ಸ್ ಪ್ರೀಮಿಯಮ್ ಸಾಲಕ್ಕ ಕೂಡ್ಸಿ, ಏಳು ವರ್ಷ ಅದಕ್ಕೂ ಬಡ್ಡಿ ಹಚ್ಚಿದ್ರು. ಬ್ಯಾಂಕಿನ ಹೆಸರು ಇಲ್ಲಿ ಬ್ಯಾಡ, ಆದ್ರ ಅದು ಸಿಕ್ಕಿದ್ದು ಸ್ಟೇಟ್‌ಮೆಂಟ್ ಪುಟ ಪುಟ ಓದಿದ್ದಕ್ಕ.

ಪತ್ರ ರಿಜಿಸ್ಟರ್ ಎಡಿ, ಅಂದ್ರ ಮುಟ್ಟಿದ್ದಕ್ಕ ಸಹಿ ಕಾರ್ಡ್ ವಾಪಸ್ ಬರೋ ಹಂಗ, ಮಾಡ್ರಿ, ಇಮೇಲೂ ಮಾಡ್ರಿ, ಬ್ರಾಂಚಿಗೆ ಹೋಗಿ ಒಂದು ಪ್ರತಿಗೆ ಸೀಲ್ ಹಾಕಿಸ್ಕೋರಿ. ಸೀಲ್ ಹಾಕಂಗಿಲ್ಲ ಅಂದ್ರ ಜಗಳ ತೆಗೀಬ್ಯಾಡ್ರಿ, ಎಡಿ ಕಾರ್ಡ್ ಸಾಕು.

ಅದರ ಜೊತಿಗೇ ರೊಕ್ಕ ಹೊಂದಿಸ್ರಿ. ಕಾನೂನು ಓದಿ ಓದಿ ಇದನ್ನ ಮರೀತೀವಿ. ಖಾತಿ ಎನ್‌ಪಿಎದಿಂದ ಹೊರಗ ಬರಬೇಕಂದ್ರ ಪೂರಾ ಸಾಲ ಅಲ್ಲ, ಬಾಕಿ ಉಳಿದ ಕಿಸ್ತು ಬಡ್ಡಿ ಎಲ್ಲಾ ಒಟ್ಟಿಗೆ ತುಂಬಿದ್ರ ಖಾತಿ ಮತ್ತ ಸ್ಟ್ಯಾಂಡರ್ಡ್ ಆಗ್ತದ. ಒಂದು ಕಿಸ್ತು ತುಂಬಿ ಎರಡು ಬಿಟ್ರ ಆಗಂಗಿಲ್ಲ, ಎಲ್ಲಾ ಬಾಕಿ ಹೋಗಬೇಕು. ನೋಟಿಸ್ ಕೊಟ್ಟ ಮ್ಯಾಲೂ ಬಾಕಿ ಪೂರಾ ತುಂಬಿದ್ರ ಭಾಳ ಬ್ಯಾಂಕುಗಳು ಅಲ್ಲಿಗೇ ಬಿಡ್ತಾವ, ಆದ್ರ ಅದನ್ನ ಲಿಖಿತದಾಗ ತಗೋರಿ. ಬಂಗಾರ ಅಡ ಇಡೋದಾಗ್ಲಿ, ಅಳಿಯನ ಹತ್ರ ಕೇಳೋದಾಗ್ಲಿ, ಈ 60 ದಿನದಾಗ ಕೇಳ್ರಿ, ಮನಿಗೆ ಬೀಗ ಬಿದ್ದ ಮ್ಯಾಲ ಯಾರೂ ಕೊಡಂಗಿಲ್ಲ.

ಓಟಿಎಸ್, ಅಂದ್ರ ಒಂದೇ ಸಲಕ್ಕ ಇಷ್ಟು ಕೊಟ್ಟು ಮುಗ್ಸೋದು, ಕೇಳ್ಲಿಕ್ಕ ಅಡ್ಡಿ ಇಲ್ಲ, ಆದ್ರ ಅದು ಹಕ್ಕಲ್ಲ, ಬ್ಯಾಂಕು ಒಪ್ಪಲೇಬೇಕು ಅಂತ ಕೋರ್ಟು ಹೇಳಂಗಿಲ್ಲ ಅಂತ 2021ರಾಗ ಸುಪ್ರೀಂ ಕೋರ್ಟಿನ ತೀರ್ಪು ಅದ. ಹಂಗಾಗಿ ಓಟಿಎಸ್ ಮಾತುಕತಿ ನಡದದ ಅಂತ ಉಳಿದ ತಾರೀಖು ಮರೆತು ಕುಂಡ್ರಬ್ಯಾಡ್ರಿ. ಮ್ಯಾನೇಜರು "ಮ್ಯಾಲ ಕಳ್ಸೀನಿ, ನೋಡೋಣ" ಅಂತ ತಿಂಗಳು ತಿಂಗಳು ಚಾ ಕುಡಿಸ್ತಾರ, ಹಿಂದಿನ ಬಾಗಿಲದಿಂದ ಫೈಲ್ ಮುಂದ ಹೋಗ್ತಿರ್ತದ.

ಸಾಲ ತೀರಸೋ ದಾರಿ ಕಾಣಲಿಲ್ಲಂದ್ರ ನನ್ನ ಅಭಿಪ್ರಾಯ ಒಂದೇ, ನೀವೇ ಮಾರ್ರಿ. ಲಿಲಾವಿನಾಗ ಹೋಗೋ ರೇಟಿಗೂ ನೀವು ಗಿರಾಕಿ ಹುಡುಕಿ ಮಾರೋ ರೇಟಿಗೂ ಭಾಳ ಫರಕ್ ಇರ್ತದ. ಆದ್ರ 13(2) ನೋಟಿಸ್ ಬಂದ ಮ್ಯಾಲ ಬ್ಯಾಂಕಿನ ಲಿಖಿತ ಒಪ್ಪಿಗಿ ಇಲ್ಲದ ಮಾರೋದು, ಲೀಜ್ ಕೊಡೋದು ಮಾಡಂಗಿಲ್ಲ. ಗಿರಾಕಿ ಕರ್ಕೊಂಡು ಬ್ಯಾಂಕಿಗೆ ಹೋಗಿ ಒಪ್ಪಿಗಿ ಕೇಳ್ರಿ.

ವಸೂಲಿ ಹುಡುಗರ ಕಾಟ ಸುರುವಾದ್ರ, ಬೆಳಗಿನ 8ಕ್ಕಿಂತ ಮುಂಚೆ, ಸಂಜಿ 7ರ ಮ್ಯಾಲ ಫೋನ್ ಮಾಡಂಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮ ಅದ. ಕಾಲ್ ರೆಕಾರ್ಡ್ ಇಟ್ಕೋರಿ, ಬ್ಯಾಂಕಿಗೆ ದೂರು ಕೊಡ್ರಿ, 30 ದಿನದಾಗ ಪರಿಹಾರ ಸಿಗದಿದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಫೋನ್ 14448. ಇದರಿಂದ ಜಪ್ತಿ ನಿಲ್ಲಂಗಿಲ್ಲ ಮತ್ತ, ಕಾಟ ನಿಲ್ತದ ಅಷ್ಟ.

ಗೋಡಿ ಮ್ಯಾಲ ಪೊಸೆಷನ್ ನೋಟಿಸ್ ಅಂಟಿಸಿದ ದಿನ

60 ದಿನ ಮುಗದ ಮ್ಯಾಲ ಕಲಂ 13(4), ಅಂದ್ರ ಕಬ್ಜಾ ತಗೊಳ್ಳೋದು. ಬಂದು ಗೋಡಿಗೆ ಒಂದು ಕಾಗದ ಅಂಟಿಸ್ತಾರ, 7 ದಿನದೊಳಗ ಎರಡು ಪೇಪರ್‌ನ್ಯಾಗ ಹಾಕಸ್ತಾರ, ಒಂದು ಕನ್ನಡದ್ದು ಇರಬೇಕು. ನೀವು ಮನ್ಯಾಗೇ ಇರ್ತೀರಿ, ಒಲಿ ಹೊತ್ತಿರ್ತದ, ಮಕ್ಕಳು ಸಾಲಿಗೆ ಹೋಗ್ತಿರ್ತಾರ. ಇದಕ್ಕ ಸಾಂಕೇತಿಕ ಕಬ್ಜಾ ಅಂತಾರ. ಏನೂ ಆಗಿಲ್ಲ ಅನಸ್ತದ, ಮೋಸ ಹೋಗೋದೇ ಇಲ್ಲಿ.

ಈ ದಿನದಿಂದ 45 ದಿನದಾಗ ಡಿಆರ್‌ಟಿಗೆ, ಅಂದ್ರ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಕಲಂ 17ರ ಅರ್ಜಿ ಹಾಕಬೇಕು. ಪೊಲೀಸರು ಬಂದು ಹೊರಗ ಹಾಕಿದ ದಿನದಿಂದ ಎಣಿಸ್ತೀನಿ ಅಂತ ಕಾಯಬ್ಯಾಡ್ರಿ. ಜೂನ್ 10ಕ್ಕ ಅಂಟಿಸಿದ್ರ ಜುಲೈ 25 ಕೊನಿ ದಿನ.

ಡಿಆರ್‌ಟಿ ನಮ್ಮ ರಾಜ್ಯಕ್ಕ ಬೆಂಗಳೂರಾಗೇ ಇರೋದು. ಕಲಬುರಗಿ, ಯಾದಗಿರಿಯವ್ರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಬೇಕು, ಬೀದರಿನವ್ರಿಗೆ ಇನ್ನೂ ದೂರ. ಆದ್ರ ಈಗ ಇ-ಫೈಲಿಂಗ್ ಅದ, ವಿಡಿಯೋ ಮ್ಯಾಲೂ ವಿಚಾರಣೆ ನಡೀತದ, ಹಂಗಾಗಿ ಪ್ರತಿ ತಾರೀಖಿಗೂ ಓಡೋ ಜರೂರತ್ತಿಲ್ಲ. ಇಲ್ಲಿಯ ವಕೀಲರಿಗೆ ಕೇಳ್ರಿ, ಡಿಆರ್‌ಟಿ ಕೇಸ್ ಎಷ್ಟು ಮಾಡೀರಿ ಅಂತ ಮುಖಕ್ಕೇ ಕೇಳ್ರಿ, ನಾಚಿಕಿ ಬ್ಯಾಡ. ಜಮೀನು ವ್ಯಾಜ್ಯದಾಗ ಹುಲಿ ಇದ್ದವ್ರು ಇಲ್ಲಿ ಹೊಸಬ್ರು ಇರ್ತಾರ.

"20 ಲಕ್ಷಕ್ಕಿಂತ ಕಡಿಮಿ ಇದ್ರ ಡಿಆರ್‌ಟಿ ತಗೊಳಂಗಿಲ್ಲ" ಅಂತ ಒಂದು ಸುದ್ದಿ ತಿರಗ್ತಿರ್ತದ. ಅದು ಬ್ಯಾಂಕು ಹಾಕೋ ವಸೂಲಿ ದಾವೆಗೆ. ನಮ್ಮ ಕಲಂ 17ರ ಅರ್ಜಿಗೆ ಆ ಮಿತಿ ಇಲ್ಲ. ಫೀಸೂ ಬಾಕಿ ಮ್ಯಾಲ ಎಣಿಸ್ತಾರ. ಸಾಲಗಾರರಿಗೆ 10 ಲಕ್ಷದ ಕೆಳಗ ಇದ್ರ ಲಕ್ಷಕ್ಕ 500 ರೂಪಾಯಿ, ಮ್ಯಾಲಿದ್ರ 5,000 ಮತ್ತ 10 ಲಕ್ಷ ದಾಟಿದ ಪ್ರತಿ ಲಕ್ಷಕ್ಕ 250, ಎಷ್ಟೇ ಆದ್ರೂ 1 ಲಕ್ಷ ದಾಟಂಗಿಲ್ಲ. ಅಂದ್ರ 18 ಲಕ್ಷ ಬಾಕಿಗೆ 7,000 ರೂಪಾಯಿ. ಹಿಂದ ಈ ಅರ್ಜಿ ಹಾಕ್ಲಿಕ್ಕೇ ಬಾಕಿಯ ನೂರಕ್ಕ 75 ಭಾಗ ತುಂಬಬೇಕಿತ್ತಂತ, ಮಾರ್ಡಿಯಾ ಕೆಮಿಕಲ್ಸ್ ಕೇಸಿನಾಗ 2004ರಾಗ ಸುಪ್ರೀಂ ಕೋರ್ಟು ಅದನ್ನ ಹೊಡೆದು ಹಾಕ್ತು. ಇಲ್ಲಂದ್ರ ನಮ್ಮಂಥವ್ರು ಬಾಗಿಲ ತನಕನೂ ಹೋಗ್ತಿರಲಿಲ್ಲ.

ಆದ್ರೂ ಕೈ ಖಾಲಿ ಇಟ್ಕೊಂಡು ಹೋಗಬ್ಯಾಡ್ರಿ. ಸ್ಟೇ ಕೇಳಿದ್ರ "ಇಷ್ಟು ಪಾಲು ಇಷ್ಟು ದಿನದಾಗ ತುಂಬ್ರಿ" ಅಂತ ಷರತ್ತು ಹಾಕೋದು ರೂಢಿ, ತುಂಬದಿದ್ರ ಸ್ಟೇ ಹೋಗ್ತದ. ಬ್ಯಾಂಕಿನವ್ರು ಮೊದಲೇ ಕೇವಿಯಟ್ ಹಾಕಿರ್ತಾರ, ಹಂಗಾಗಿ ಅವರನ್ನ ಕೇಳದೇ ಸ್ಟೇ ಸಿಗ್ತದ ಅಂತ ಲೆಕ್ಕ ಹಾಕಬ್ಯಾಡ್ರಿ. ಲಿಲಾವಿನ ಹಿಂದಿನ ದಿನ ಓಡಿ ಹೋದವ್ರು ಇಲ್ಲೇ ಸಿಗಿ ಬೀಳ್ತಾರ.

ಎಲ್ಲಿಗೆ ಹೋಗಬಾರದು

ನನ್ನ ಎರಡನೇ ತಪ್ಪು, ಇಲ್ಲೇ ಸಿವಿಲ್ ಕೋರ್ಟಿನಾಗ ಇಂಜಂಕ್ಷನ್ ಹಾಕಿಸಿದ್ದು. ಕಲಂ 34ರ ಪ್ರಕಾರ ಇಂಥ ವಿಷಯದಾಗ ಸಿವಿಲ್ ಕೋರ್ಟು ಕೈ ಹಾಕಂಗಿಲ್ಲ. ಇಪ್ಪತ್ತು ದಿನ ಹೋತು, 45ರಾಗ ಇಪ್ಪತ್ತು. ಸಾಲಕ್ಕ ಸಂಬಂಧ ಇಲ್ಲದ ಬ್ಯಾರೆಯವ್ರು, ಅಣ್ಣ ತಮ್ಮ ಅಕ್ಕ ತಂಗಿ "ಇದರಾಗ ನನ್ನ ಪಾಲದ" ಅಂತ ಮಾಲಕಿ ಹಕ್ಕಿನ ಪ್ರಶ್ನೆ ಎತ್ತಿದ್ರ ಅದು ಬ್ಯಾರೆ ಮಾತು, ಅದನ್ನ ಸಿವಿಲ್ ಕೋರ್ಟೇ ನೋಡಬೇಕು ಅಂತ 2025ರ ಜನವರಿಯಾಗ ಸುಪ್ರೀಂ ಕೋರ್ಟು ಹೇಳ್ಯದ. ಆದ್ರ ಮನಿ ಉಳ್ಸಲಿಕ್ಕ ಅಂತ ತಂಗಿ ಕಡಿಯಿಂದ ಸುಳ್ಳು ಪಾಲಿನ ದಾವೆ ಹಾಕ್ಸೋ ಆಟ ಆಡಬ್ಯಾಡ್ರಿ, ಜಡ್ಜ್‌ಗಳು ಅದನ್ನ ದಿನಾ ನೋಡ್ತಾರ.

ಹೈಕೋರ್ಟಿನ ಪೀಠ ನಮ್ಮ ಊರಾಗೇ ಅದ, 2008ರಾಗ ಸಂಚಾರಿ ಪೀಠ ಬಂತು, 2013ರ ಆಗಸ್ಟ್ 31ಕ್ಕ ಕಾಯಂ ಆಯ್ತು, ಹಂಗಾಗಿ "ರಿಟ್ ಹಾಕಿಬಿಡೋಣ, ಬೆಂಗಳೂರು ಯಾಕ" ಅಂತ ಮನಸು ಎಳೀತದ. ಆದ್ರ ಡಿಆರ್‌ಟಿ ದಾರಿ ಇರ್ತ ಹೈಕೋರ್ಟು ಇಂಥ ರಿಟ್ ತಗೋಬಾರದು ಅಂತ ಸುಪ್ರೀಂ ಕೋರ್ಟು 2010ರಾಗ ಸತ್ಯವತಿ ಟಂಡನ್ ಕೇಸಿನಾಗ ಗಟ್ಟಿಯಾಗಿ ಹೇಳ್ಯದ. ಡಿಆರ್‌ಟಿಯಾಗ ಪೀಠಾಧಿಕಾರಿ ಖುರ್ಚಿ ಖಾಲಿ ಬಿದ್ದಾಗ, ಅಲ್ಲಿ ಕೇಳೋರೇ ಇಲ್ಲದಾಗ, ಹೈಕೋರ್ಟು ತಾತ್ಕಾಲಿಕ ರಕ್ಷಣೆ ಕೊಟ್ಟಿದ್ದುಂಟು.

ಇನ್ನ ಮಿನಿ ವಿಧಾನಸೌಧಕ್ಕ ಹೋಗಿ ಡಿಸಿ ಸಾಹೇಬ್ರ ಮುಂದ ಕೈ ಮುಗಿಯೋದು. ಕಲಂ 14ರ ಪ್ರಕಾರ ಬ್ಯಾಂಕು ಡಿಸಿಗೆ ಅಥವಾ ಸಿಜೆಎಂ, ಅಂದ್ರ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್, ಕೋರ್ಟಿಗೆ ಅರ್ಜಿ ಹಾಕ್ತದ, ಖರೇ ಕಬ್ಜಾ ಕೊಡ್ಸ್ರಿ ಅಂತ. ಬ್ಯಾಂಕಿನ ಅಫಿಡವಿಟ್ ಸರಿ ಅದೇನು ನೋಡೋದಷ್ಟೇ ಅವರ ಕೆಲಸ, 30 ದಿನದಾಗ, ತಡ ಆದ್ರ ಒಟ್ಟು 60 ದಿನದಾಗ ಆದೇಶ ಮಾಡಬೇಕು. ನಿಮ್ಮ ವಾದ ಕೇಳೋ ಅಧಿಕಾರ ಅವರಿಗಿಲ್ಲ, ಅದಕ್ಕ ಅವರ ಮ್ಯಾಲ ಸಿಟ್ಟಾಗಬ್ಯಾಡ್ರಿ. ಆ ಆದೇಶದ ಮ್ಯಾಲೂ ನೀವು ಹೋಗಬೇಕಾದ್ದು ಡಿಆರ್‌ಟಿಗೇ. ತಹಶೀಲ್ದಾರು ಪೊಲೀಸರ ಜೊತಿ ಬಂದ ದಿನ ಅಡ್ಡ ನಿಂತು ಜಗಳಾಡಿದ್ರ ಕೇಸ್ ಬೀಳ್ತದ. ಪಂಚನಾಮಾ, ಸಾಮಾನಿನ ಪಟ್ಟಿ ಮಾಡಸ್ಕೋರಿ, ಮಂಚ ಪಾತ್ರಿ ಪಗಡ ಅಡ ಇಟ್ಟಿಲ್ಲ, ಅವು ನಿಮ್ಮವೇ. ಬಾಡಗಿಗೆ ಇದ್ದವ್ರೂ ತಮ್ಮ ಕರಾರು ಹಿಡ್ಕೊಂಡು ಡಿಆರ್‌ಟಿಗೆ ಹೋಗಬಹುದು.

ಲಿಲಾವು

ಮಾನ್ಯತೆ ಇದ್ದ ಮೌಲ್ಯಮಾಪಕರಿಂದ ಬೆಲಿ ಕಟ್ಸಬೇಕು, ನಿಮಗ 30 ದಿನದ ನೋಟಿಸ್ ಕೊಡಬೇಕು. ಮೊದಲ ಲಿಲಾವು ಫೇಲಾಗಿ ಮತ್ತ ಇಟ್ರ 15 ದಿನದ್ದು ಸಾಕು. ಇಲ್ಲಿ ಬೆಲಿ ಕಡಿಮಿ ಕಟ್ಯಾರ ಅನಸಿದ್ರ ಅಕ್ಕ ಪಕ್ಕದ ನೋಂದಣಿ ಆದ ಖರೀದಿ ಪತ್ರದ ಪ್ರತಿ ಸಬ್‌ರಿಜಿಸ್ಟ್ರಾರ್ ಆಫೀಸಿನಾಗ ತಗೋರಿ, ಬಾಯಿ ಮಾತಿನ ರೇಟ್ ಯಾರೂ ಕೇಳಂಗಿಲ್ಲ.

ಪೂರಾ ಸಾಲ ತುಂಬಿ ಮನಿ ಬಿಡಿಸ್ಕೊಳ್ಳೋ ಹಕ್ಕು ಲಿಲಾವಿನ ದಿನದ ತನಕ ಇರ್ತದ ಅಂತ ಭಾಳ ಮಂದಿ ನಂಬ್ಯಾರ, ಹಿಂದ ಹಂಗ ಇತ್ತು. 2016ರ ತಿದ್ದುಪಡಿ ಆದ ಮ್ಯಾಲ ಲಿಲಾವಿನ ನೋಟಿಸ್ ಪ್ರಕಟ ಆಗೋ ತನಕ ಅಷ್ಟ, 2023ರಾಗ ಬಫ್ನಾ ಮೋಟರ್ಸ್ ಕೇಸಿನಾಗ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಪೇಪರ್‌ನ್ಯಾಗ ಬಂದ ಮ್ಯಾಲ ರೊಕ್ಕ ತುಂಬಿದ ಚೀಲ ಹೊತ್ಕೊಂಡು ಹೋದ್ರೂ ತಗೊಳ್ಳೋದು ಬಿಡೋದು ಬ್ಯಾಂಕಿನ ಮರ್ಜಿ.

ಕೂಗಿದವ ಅದೇ ದಿನ ಅಥವಾ ಮರುದಿನದ ಕೆಲಸದ ದಿನ ನೂರಕ್ಕ 25 ತುಂಬಬೇಕು, ಉಳಿದದ್ದು 15 ದಿನದಾಗ, ಲಿಖಿತ ಒಪ್ಪಿಗಿ ಇದ್ರ 3 ತಿಂಗಳ ಮೀರದಂಗ. ಇದು ತಪ್ಪಿದ್ರ ಅದೂ ನಿಮಗ ಒಂದು ಪಾಯಿಂಟ್. ಸಾಲ ಖರ್ಚು ಕಳದು ಉಳಿದ ರೊಕ್ಕ ನಿಮ್ದು, ಕೇಳಿ ತಗೋರಿ.

ಡಿಆರ್‌ಟಿಯಾಗ ಸೋತ್ರ 30 ದಿನದಾಗ ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿ. ಅಲ್ಲಿ ಮಾತ್ರ ಬಾಕಿಯ ಅರ್ಧ ಮೊದಲೇ ತುಂಬಬೇಕು, ಕಡಿಮಿ ಮಾಡಿದ್ರೂ ನೂರಕ್ಕ 25ರ ಕೆಳಗ ಇಳಿಸಂಗಿಲ್ಲ. ವಕೀಲರ ಫೀಸಿಗೆ ತ್ರಾಸಿದ್ದವ್ರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಜಿಲ್ಲಾ ಕೋರ್ಟಿನ ಆವರಣದಾಗೇ ಇರ್ತದ, ಹೆಲ್ಪ್‌ಲೈನ್ 15100. ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವ್ರಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರ. ಮನಿ ಹೆಂಡ್ತಿ ಹೆಸರಿಲೆ ಇದ್ರ ಅವರೇ ಅರ್ಜಿ ಕೊಡಬಹುದು.

ನನ್ನದು ಏನಾಯ್ತಂದ್ರ, ಡಿಆರ್‌ಟಿ ಷರತ್ತಿನ ರೊಕ್ಕ ತುಂಬಿ ಸ್ಟೇ ತಗೊಂಡೆ, ಆ ಟೈಮಿನಾಗ ಊರಾಗಿನ ಒಂದು ಖಾಲಿ ಪ್ಲಾಟ್ ಮಾರ್ದೆ, ಇನ್ಶೂರೆನ್ಸ್ ಲೆಕ್ಕ ಬ್ಯಾಂಕಿನವ್ರೇ ಕಳದು ಕೊಟ್ರು, ಉಳಿದದ್ದು ತುಂಬಿ ಖಾತಿ ಮುಚ್ಚಿದೆ. ಮುಚ್ಚಿದ ಮ್ಯಾಲ ನೋ ಡ್ಯೂ ಪತ್ರ ತಗೊಂಡು ಸುಮ್ನ ಮನಿಗೆ ಬರಬ್ಯಾಡ್ರಿ. ಮೂಲ ಕಾಗದ ಪತ್ರ 30 ದಿನದಾಗ ವಾಪಸ್ ಕೊಡಬೇಕು, ತಡ ಮಾಡಿದ್ರ ದಿನಕ್ಕ 5,000 ರೂಪಾಯಿ ನಿಮಗ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಅದ. ಸೆರ್ಸಾಯ್‌ನ್ಯಾಗಿಂದ ನೋಂದಣಿ ತೆಗ್ಸ್ರಿ, ಸಬ್‌ರಿಜಿಸ್ಟ್ರಾರ್ ಆಫೀಸಿನಾಗ ಹೊಸ ಇಸಿ, ಅಂದ್ರ ಋಣಭಾರ ಪತ್ರ, ತೆಗ್ಸಿ ಬ್ಯಾಂಕಿನ ಹೆಸರು ಹೋಗ್ಯದೇನು ಕಣ್ಣಿಲೆ ನೋಡ್ರಿ. ನನ್ನ ಇಸಿಯಾಗ ಇನ್ನೂ ಅವರ ಹೆಸರು ಹಂಗೇ ಇತ್ತು, ಮತ್ತ ಎರಡು ಸಲ ಅಡ್ಡಾಡಿ ತೆಗ್ಸಿದೆ.